ಭಟ್ಟಿಯ ಮೇಲಿನ ಕೋಣೆ

ಫೆಬ್ರವರಿ ೨೪, ಸೋಮವಾರ

ದೊರೆ ಮನೆಗೆ ಬಂದಾಯಿತು. ಕೂಸಿಗೆ ಹೆಸರಿನ್ನೂ ಇಟ್ಟಿಲ್ಲ, ಮನೆಯವರೆಲ್ಲ ಅವನು ಹಾಕಿದ ತಾಳಕ್ಕೇ ಕುಣಿಯುತ್ತಿರುವುದರಿಂದ ನಾನು ದೊರೆ ಅನ್ನುತ್ತೇನೆ. ಹುಟ್ಟಿದ ಎರಡು ದಿನಕ್ಕೇ ಹಳದಿ ತಿರುಗಿ, ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಬಿದ್ದುಕೊಂಡಿದ್ದ. ಈಗ ಕಾಮಾಲೆ ಇಳಿದಿದೆಯಂತೆ. "ಎಷ್ಟೋ ಮಕ್ಕಳಿಗೆ ಬರುತ್ತೆ, ನಾರ್ಮಲ್" ಎಂದರು ಡಾಕ್ಟರು. ನಮ್ಮ ಬೇಕರಿಯ ಶೋಕೇಸಿನಲ್ಲಿ ಬಲ್ಬಿನ ಕೆಳಗಿಟ್ಟ ಬನ್ನಿನ ಹಾಗೇ ಕಾಣುತ್ತಿದ್ದ ಎಂದದ್ದಕ್ಕೆ ನನ್ನ ತಮ್ಮ ಮುಖ ಊದಿಸಿಕೊಂಡ. ಅಪ್ಪನಾದ ಮೇಲೆ ಅವನಿಗೆ ತಮಾಷೆ ಅರ್ಥವಾಗುವುದಿಲ್ಲ.

ತಮ್ಮನ ಹೆಂಡತಿ ಟೀಚರಮ್ಮ, ಹೈಸ್ಕೂಲಿನ ಲೆಕ್ಕದ ಪಾಠಕ್ಕೆ ರಜೆ ಹಾಕಿ ಕೂತಿರುವವಳು, ಮೆಟ್ಟಿಲ ಬುಡದಲ್ಲೇ ನಿಂತು ಕೇಳಿದಳು: "ಅಕ್ಕ, ಮಗು ಮಲಗೋಕೆ ನಿಮ್ಮ ಕೋಣೆ ಕೊಡ್ತೀರಾ? ಅಲ್ಲಿ ಗಾಳಿ ಚೆನ್ನಾಗಿದೆ."

ಕೊಡುವುದಿಲ್ಲ ಎಂದೆ. ಬೆಳಕು ಹರಿಯುವ ಮೊದಲೇ ಎದ್ದು ಭಟ್ಟಿಯ ಬಾಯಲ್ಲಿ ಬೇಯುವವಳು ನಾನು. ಮಧ್ಯಾಹ್ನ ಕಾಲು ಚಾಚಲು ನನಗಿರುವುದು ಹಿತ್ತಿಲ ಕಡೆಯ ಆ ತಂಪು ಕೋಣೆ ಒಂದೇ. ಅಲ್ಲದೆ ಈ ಮನೆಯ ಬಾಣಂತಿಯರೆಲ್ಲ ಮಲಗಿದ್ದು ಭಟ್ಟಿಯ ಮೇಲಿನ ಕೋಣೆಯಲ್ಲೇ. ಅಲ್ಲಿ ನೆಲವೂ ಬೆಚ್ಚಗಿರುತ್ತದೆ. ನಾನೂ ತಮ್ಮನೂ ಅಲ್ಲೇ ಬೆಳೆದು ಹೀಗೆ ಗುಂಡುಗಲ್ಲಿನ ಹಾಗಿಲ್ಲವೇ? ಅಮ್ಮನ ಪ್ರಕಾರ ಹಿಟ್ಟು, ಕೂಸು ಎರಡೂ ಬೆಚ್ಚಗಿದ್ದರೆ ಮಾತ್ರ ಮೇಲೆ ಬರುತ್ತವೆ. ಟೀಚರಮ್ಮ ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತಿದಳು.

ಈಗ ಎಲ್ಲರೂ ಮೇಲೆ ಸೇರಿ ಪಿಸಿಪಿಸಿ ಮಾತಾಡುತ್ತಿದ್ದಾರೆ. ಬೈಯಲು ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಅದಕ್ಕೇ ಈ ಡೈರಿಯಲ್ಲಿ ಬೈಯುತ್ತೇನೆ. ಹಿಟ್ಟು ಉಬ್ಬುವ ತನಕ ನನಗೂ ಬೇರೆ ಕೆಲಸವಿಲ್ಲ.

ಫೆಬ್ರವರಿ ೨೭, ಗುರುವಾರ

ಬಿಕ್ಕಳಿಕೆ. ದೊರೆಗೆ ಬಿಕ್ಕಳಿಕೆ ಬಂತು. ಬ್ರೆಡ್ಡಿನ ವ್ಯಾನನ್ನು ತಮ್ಮ ಅರ್ಧ ದಾರಿಯಿಂದ ತಿರುಗಿಸಿಕೊಂಡು ಬಂದ! ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ನಿಂತೇಹೋಗಿತ್ತು. "ನಾರ್ಮಲ್" ಅಂದರಂತೆ. ಹೋಟೆಲಿನವರಿಗೆ ಬ್ರೆಡ್ಡು ತಡವಾಗಿ ಸಿಕ್ಕಿ ಅವರು ನನಗೆ ಫೋನಿನಲ್ಲಿ ಉಗಿದದ್ದೂ ನಾರ್ಮಲ್ಲೇ ಇರಬೇಕು.

ಮಾರ್ಚ್ ೬, ಗುರುವಾರ

ಒಂದು ವಾರದ ವರದಿ. ಮೈ ಸಿಪ್ಪೆ ಏಳುತ್ತಿದೆ: ನಾರ್ಮಲ್. ಕುಡಿದ ಹಾಲು ಭುಜದ ಮೇಲೆ ವಾಪಸ್ಸು: ನಾರ್ಮಲ್. ಎಡಗಣ್ಣಿನಲ್ಲಿ ಪಿಸುರು ಕಟ್ಟುತ್ತದೆ: ಕಣ್ಣೀರಿನ ನಾಳ ಇನ್ನೂ ತೆರೆದಿಲ್ಲವಂತೆ, ಮೂಗಿನ ಪಕ್ಕ ಮೆಲ್ಲಗೆ ಉಜ್ಜಬೇಕಂತೆ, ನಾರ್ಮಲ್. ಆ ಡಾಕ್ಟರ ಬಾಯಲ್ಲಿ ಬೇರೆ ಶಬ್ದ ಕೇಳಿಲ್ಲ. ನಾರ್ಮಲ್ ಡಾಕ್ಟರು ಎಂದೇ ಹೆಸರಿಟ್ಟಿದ್ದೇನೆ.

ಮನೆಯೊಳಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಅಮ್ಮ ಸಕ್ಕರೆ ನೀರು ಕುಡಿಸು ಅಂದರೆ ಟೀಚರಮ್ಮ ದಪ್ಪ ಪುಸ್ತಕ ತೆಗೆದು, "ಅತ್ತೆ, ಆರು ತಿಂಗಳ ತನಕ ಎದೆಹಾಲು ಬಿಟ್ಟು ನೀರೂ ಕೊಡಬಾರದು ಅಂತಿದೆ" ಅನ್ನುತ್ತಾಳೆ. "ನಿನ್ನ ಗಂಡ ಪುಸ್ತಕ ಓದ್ಕೊಂಡು ಬೆಳೆದ್ನಾ?" ಎಂದು ಅಮ್ಮ. ಅವನು ಪುಸ್ತಕ ಓದಿಕೊಂಡು ಬೆಳೆಯಲಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ.

ಬಟ್ಟೆ ಒಣಗಿಸುವ ಕೆಲಸ ಯಾರೂ ಹೇಳದೆ ನನ್ನ ತಲೆಗೆ ಬಂದಿದೆ. ಭಟ್ಟಿಯ ಪಕ್ಕದ ಕಂಬಿಯ ತುಂಬ ದೊರೆಯ ಒದ್ದೆ ಚೌಕಗಳು. ಗಿರಾಕಿಯೊಬ್ಬ ಇಣುಕಿ, "ಏನಮ್ಮ, ಬೇಕರಿನಾ ಲಾಂಡ್ರಿನಾ?" ಎಂದ. ಅವನಿಗೆ ನಿನ್ನೆಯ ಬನ್ನು ಕೊಟ್ಟು ಕಳಿಸಿದೆ.

ಮಾರ್ಚ್ ೧೫, ಶನಿವಾರ

ಅಳು. ಸಂಜೆಯಾದರೆ ಶುರು. ಕಾಲು ಹೊಟ್ಟೆಗೆ ಮಡಿಸಿಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ತನ್ನ ಆಸ್ತಿಯನ್ನು ಯಾರೋ ಬರೆಸಿಕೊಂಡ ಹಾಗೆ ಅಳುತ್ತಾನೆ. ಹೊಟ್ಟೆನೋವಿನ ಅಳು, ಕೆಲವು ಮಕ್ಕಳಿಗೆ ಮೂರು ತಿಂಗಳ ತನಕ ಇರುತ್ತದಂತೆ. ಹಾಗಂದರೆ ಮೂರು ತಿಂಗಳು ನಾನೂ ಬದುಕಿರಬೇಕಲ್ಲ?

ಅಂಗಡಿಗೆ ಬಂದವರೆಲ್ಲ ವೈದ್ಯರೇ. ಕಾಲು ಕೇಜಿ ರಸ್ಕು ಕೊಳ್ಳಲು ಬಂದವರು ಅರ್ಧ ಕೇಜಿ ಉಪದೇಶ ಕೊಟ್ಟು ಹೋಗುತ್ತಾರೆ. ಕವುಚಿ ಮಲಗಿಸಿ. ಅಯ್ಯೋ, ಕವುಚಿ ಮಾತ್ರ ಮಲಗಿಸಬೇಡಿ. ತಾಯಿ ಖಾರ ಬಿಡಲಿ. ತಾಯಿ ಎಲ್ಲ ತಿನ್ನಲಿ. ಅಂಚೆಯವನು ಮಾತ್ರ ಸ್ವಲ್ಪ ಹೊತ್ತು ಕೇಳಿ, "ಒಳ್ಳೆ ಗಂಟಲು" ಎಂದು ಬ್ರೆಡ್ಡು ತೆಗೆದುಕೊಂಡು ಹೋದ. ಅವನೊಬ್ಬ ಮನುಷ್ಯ.

ಟೀಚರಮ್ಮ ಮೂರು ಸಲ ಡಾಕ್ಟರ ಹತ್ತಿರ ಓಡಿದಳು. ಮೂರನೆಯ ಸಲ ಅಲ್ಲಿನ ನರ್ಸು, "ಮತ್ತೆ ಬಂದ್ರಾ?" ಎಂದು ನಕ್ಕಳಂತೆ. ಹೇಳುವಾಗ ಟೀಚರಮ್ಮನ ಕಿವಿಯೆಲ್ಲ ಕೆಂಪಾಗಿತ್ತು. ಮಕ್ಕಳಿಗೆ ಪಾಠ ಹೇಳುವವಳಲ್ಲವೇ, ತಪ್ಪು ಉತ್ತರ ಹೇಳಿ ಅಭ್ಯಾಸವಿಲ್ಲ.

ಮಾರ್ಚ್ ೨೩, ಭಾನುವಾರ

ಕತ್ತಿನ ಮಡಿಕೆಯಲ್ಲಿ, ಬೆನ್ನ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಗುಳ್ಳೆ. ಈ ಸಲ ತಮ್ಮ ಎತ್ತಿಕೊಂಡು ಹೋದ. ಬೆವರುಸಾಲೆ ಅಂದರಂತೆ.

"ಮನೇಲಿ ತುಂಬಾ ಸೆಖೆ ಇದ್ಯಾ ಅಂತ ಕೇಳಿದ್ರು."

"ನೀನೇನಂದೆ?"

"ಸೆಖೆ ಏನಿಲ್ಲ ಡಾಕ್ಟ್ರೇ, ಬೆಚ್ಚಗಿದೆ ಅಷ್ಟೆ ಅಂದೆ."

ಸರಿಯಾಗಿಯೇ ಹೇಳಿದ್ದಾನೆ. ಸೆಖೆ ಅಂದರೇನು ಅಂತ ಭಟ್ಟಿಯ ಬಾಗಿಲು ತೆರೆದಾಗ ಬಂದು ನೋಡಲಿ.

ಏಪ್ರಿಲ್ ೧, ಮಂಗಳವಾರ

ದೊರೆಗೆ ನೆಗಡಿ. ಮೂಗು ಕಟ್ಟಿದೆ, ಹಾಲು ಕುಡಿಯಲು ಬಾಯಿ ಹಾಕಿ ಉಸಿರು ಸಿಗದೆ ಬಿಟ್ಟುಬಿಡುತ್ತಾನೆ, ಆಮೇಲೆ ಸಿಟ್ಟು. ಅಮ್ಮ ಇನ್ನೆರಡು ಹೊದಿಕೆ, ಒಂದು ಉಣ್ಣೆ ಟೋಪಿ ಏರಿಸಿದ್ದಾಳೆ. ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದಾಳೆ. ಟೀಚರಮ್ಮ ಟೋಪಿ ತೆಗೆಯುತ್ತಾಳೆ, ಅಮ್ಮ ಹಾಕುತ್ತಾಳೆ. ನನ್ನ ತಲೆ ಕೆಟ್ಟು ಕೆರ ಹಿಡಿದಿದೆ. "ಬಾಣಂತಿ ಕೋಣೆ ಅಮ್ಮನ ರಾಜ್ಯ, ಸುಮ್ನಿರು" ಎಂದು ಟೀಚರಮ್ಮನಿಗೆ ಹೇಳಿ ಜಗಳ ಮುಗಿಸಿದೆ. ಇವತ್ತು ಬನ್ನು ಒಂದು ತಟ್ಟೆ ಸೀದುಹೋಯಿತು. ಯಾರ ಕಾರಣಕ್ಕೆ ಅಂತ ಬರೆಯಬೇಕಿಲ್ಲ.

ಏಪ್ರಿಲ್ ೩, ಗುರುವಾರ

ಅಬ್ಬಾ, ಇವತ್ತು ಮನೆ ಮನೆಯ ಹಾಗಿತ್ತು. ದೊರೆ ಬೆಳಗಿನಿಂದ ಮಲಗಿಯೇ ಇದ್ದಾನೆ. ಸಂಜೆಯ ಅಳುವಿನ ಕಛೇರಿಯೂ ರದ್ದು. ಒಂದೆರಡು ಸಲ ಕುಂಯ್ ಎಂದನಂತೆ, ಅಷ್ಟೆ. ಕಂಬಿಯ ಮೇಲೆ ಒಣಗಿಸಲು ಬಟ್ಟೆಯೂ ಇಲ್ಲ. ಎಷ್ಟು ದಿನದ ಮೇಲೆ ರಸ್ಕಿನ ತಟ್ಟೆಗಳನ್ನು ಅವುಗಳ ಜಾಗದಲ್ಲಿ ಇಟ್ಟೆ! ದೇವರಿಗೂ ಒಮ್ಮೊಮ್ಮೆ ನನ್ನ ನೆನಪಾಗುತ್ತದೆ.

ಟೀಚರಮ್ಮನಿಗೆ ಮಾತ್ರ ಸುಖ ಬೇಡ. ಅತ್ತರೆ ಯಾಕೆ ಅಳುತ್ತಾನೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ. "ಅಕ್ಕ, ಹಾಲು ಕುಡೀತಾನೇ ಇಲ್ಲ. ಮೈ ಬಿಸಿ ಇದೆ ಅನ್ಸುತ್ತೆ. ಥರ್ಮಾಮೀಟರ್ ಹಾಕಿ ನೋಡ್ಲಾ?" ಎಂದು ಕೆಳಗೆ ಬಂದಳು. ಮೇಲೆ ಹೋಗಿ ಹಣೆ ಮುಟ್ಟಿ ನೋಡಿದೆ. ಏನೂ ಇಲ್ಲ.

"ನೆಗಡಿ ಸುಸ್ತು. ಮಲಗಿರೋ ಮಗೂನ ಎಬ್ಬಿಸಬೇಡ, ಮಲಗಲಿ ಬಿಡು. ಭಟ್ಟಿ ಶಾಖ ಕೈಯಲ್ಲೇ ಹೇಳೋಳು ನಾನು, ನನಗೆ ನಿನ್ನ ಗಾಜಿನ ಕಡ್ಡಿ ಬೇಕಾ? ಮತ್ತೆ ಹೋಗಿ ಆ ನರ್ಸ್ ಹತ್ರ ನಗಿಸ್ಕೋತೀಯಾ?"

ಕಡ್ಡಿಯನ್ನು ಡಬ್ಬಿಗೆ ಹಾಕಿ ಮುಚ್ಚಿಟ್ಟಳು. ಇವತ್ತು ನಾನೂ ಬೇಗ ಮಲಗುತ್ತೇನೆ.

ಏಪ್ರಿಲ್ ೪, ಶುಕ್ರವಾರ

ಆಸ್ಪತ್ರೆ.

ಏಪ್ರಿಲ್ ೫, ಶನಿವಾರ

ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದಿದ್ದೇನೆ. ಭಟ್ಟಿ ಆರಿದೆ. ನನಗೆ ಬುದ್ಧಿ ಬಂದಾಗಿನಿಂದ ಆರಿದ್ದಿಲ್ಲ. ಒಳಗೆ ನಿನ್ನೆಯ ಬ್ರೆಡ್ಡು ಇದ್ದಲಾಗಿ ಕೂತಿದೆ, ಗೋರಿ ತೆಗೆಯಲೂ ಬೇಜಾರು.

ನಿನ್ನೆ ಬೆಳಿಗ್ಗೆ ಟೀಚರಮ್ಮ ಮೆಟ್ಟಿಲಿಳಿದು ಬಂದಳು. ತಲೆ ಬಾಚಿಲ್ಲ, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು. ಹೊದಿಕೆಯೆಲ್ಲ ಕಿತ್ತೆಸೆದು ಮಗುವನ್ನು ಬರೀ ಅಂಗಿಯಲ್ಲಿ ಎದೆಗವಚಿಕೊಂಡಿದ್ದಳು. ಎಲ್ಲಿಗೆ ಅಂದೆ. ಗಿರಾಕಿಗಳ ನಡುವೆಯೇ ದಾರಿ ಮಾಡಿಕೊಂಡು ಬೀದಿಗಿಳಿದಳು. ದಾಟುವಾಗ ದೊರೆಯ ತಲೆ ನನ್ನ ಕೆನ್ನೆಗೆ ತಾಗಿತು. ಸುಟ್ಟಿತು. ಭಟ್ಟಿಯಲ್ಲಿ ಬ್ರೆಡ್ಡು ಇದೆ ಅನ್ನುವುದು ಮರೆತು ಅವಳ ಹಿಂದೆ ಓಡಿದೆ.

ನಾರ್ಮಲ್ ಡಾಕ್ಟರು ನಾರ್ಮಲ್ ಅನ್ನಲಿಲ್ಲ. ಆ ಒಂದು ಮಾತಿಗಾಗಿ ನಾನು ಅವರ ಬಾಯನ್ನೇ ನೋಡುತ್ತ ನಿಂತಿದ್ದೆ. ನೆತ್ತಿ ಮುಟ್ಟಿದರು. ಮೆತ್ತಗೆ ಮಿಡಿಯಬೇಕಾದ ಜಾಗ ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರು; ಅದು ಹಾಗೇ ಮಡಿಸಿಕೊಂಡು ನಿಂತಿತು. "ಉಚ್ಚೆ ಯಾವಾಗ ಮಾಡಿದ್ದು?" ಎಂದರು. ಟೀಚರಮ್ಮ ನನ್ನ ಕಡೆ ತಿರುಗಿದಳು. ಬಟ್ಟೆ ಒಣಗಿಸುವವಳು ನಾನಲ್ಲವೇ. ಮೊನ್ನೆ ಕಂಬಿ ಖಾಲಿ ಇದೆ ಎಂದು ಖುಷಿಪಟ್ಟವಳೂ ನಾನೇ.

ಸೂಜಿ ಚುಚ್ಚಲು ನರ ಸಿಗಲಿಲ್ಲ. ಕೈ ನೋಡಿದರು, ಕಾಲು ನೋಡಿದರು, ಕೊನೆಗೆ ತಲೆಯಲ್ಲಿ ಸಿಕ್ಕಿತು. ಅಷ್ಟೆಲ್ಲ ಚುಚ್ಚಿದರೂ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ, ಅಷ್ಟೆ. ಅಳೋ, ಎಂದೆ. ಬಾಯಿಬಿಟ್ಟೇ ಅಂದೆ. ಆಸ್ಪತ್ರೆ ಹಾರಿಹೋಗುವ ಹಾಗೆ ಅಳೋ, ನಿನ್ನ ದಮ್ಮಯ್ಯ.

"ಇಷ್ಟು ಜ್ವರ ಇದ್ರೂ ಮುಟ್ಟಿದಾಗ ಗೊತ್ತಾಗ್ಲಿಲ್ವಾ?" ಎಂದು ನರ್ಸು ಕೇಳಿದಳು. ಅಂಗೈ ಮುಂದೆ ಹಿಡಿದೆ. ಒತ್ತಿ ನೋಡಿ, "ಇದೇನ್ರೀ, ಹಲಗೆ ಇದ್ದ ಹಾಗಿದೆ" ಎಂದಳು. ಹೌದು. ವರ್ಷಗಟ್ಟಲೆ ಕಾದ ತಟ್ಟೆ ಹಿಡಿದ ಕೈ. ಭಟ್ಟಿಯ ಶಾಖ ಇದಕ್ಕೆ ತಿಳಿಯುತ್ತದೆ, ಒಂದು ಕೂಸಿನ ಜ್ವರ ತಿಳಿಯುವುದಿಲ್ಲ. ಇಂಥ ಕೈಯನ್ನು ನಂಬಿಕೊಂಡು ಅಷ್ಟು ಮಾತಾಡಿದೆನಲ್ಲ.

"ಮಗು ಮಲಗೋದೆಲ್ಲಿ?" ಎಂದರು ಡಾಕ್ಟರು. ತಮ್ಮ ಅಷ್ಟರಲ್ಲಿ ವ್ಯಾನು ಬಿಟ್ಟು ಓಡಿಬಂದಿದ್ದ, ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಭಟ್ಟಿ ಮೇಲೆ." ಅವರು ಪೆನ್ನು ಕೆಳಗಿಟ್ಟರು.

ಏಪ್ರಿಲ್ ೭, ಸೋಮವಾರ

ರಕ್ತದಲ್ಲಿ ಸೋಂಕಿಲ್ಲ. ಮೂಗು ಕಟ್ಟಿ ಹಾಲು ಕುಡಿಯಲಿಲ್ಲ, ಹೊದಿಕೆ, ಟೋಪಿ, ಕೆಳಗಿನ ಶಾಖ ಎಲ್ಲ ಸೇರಿ ಮೈಯ ನೀರು ಆರಿಸಿಬಿಟ್ಟವು ಎಂದರು. ಇನ್ನು ಭಯವಿಲ್ಲವಂತೆ. ಬಾಟಲಿಯ ನೀರು ಮೈಗೆ ಸೇರಿ ಮುಖ ತುಂಬಿದೆ. ಮಧ್ಯಾಹ್ನ ನನ್ನ ಸೀರೆಯ ಮೇಲೆ ಉಚ್ಚೆ ಹೊಯ್ದ. ತಮ್ಮನಿಗೂ ಅಮ್ಮನಿಗೂ ಫೋನು ಮಾಡಿ ಹೇಳಿದೆ. ಅಂಚೆಯವನು ಎದುರು ಸಿಕ್ಕ, ಅವನಿಗೂ ಹೇಳಿದೆ.

ಟೀಚರಮ್ಮ ಒಂದು ಮಾತೂ ಬೈದಿಲ್ಲ. ಸೀರೆ ಒದ್ದೆಯಾದ ಕೂಡಲೇ ಕೈಚಾಚಿ ಮಗುವನ್ನು ತೆಗೆದುಕೊಂಡಳು. ಮತ್ತೆ ಕೊಡಲಿಲ್ಲ.

ಏಪ್ರಿಲ್ ೯, ಬುಧವಾರ

ತಾಯಿ, ಮಗು ಮನೆಗೆ ಬಂದರು. ಭಟ್ಟಿ ಮತ್ತೆ ಹೊತ್ತಿಸಿದ್ದೇನೆ. ಹಿಟ್ಟಿನ ಪೆಟ್ಟಿಗೆಯಲ್ಲಿ ತೂಗುಹಾಕುವ ಥರ್ಮಾಮೀಟರನ್ನು ತಮ್ಮ ಒಯ್ದು ಮೇಲಿನ ಕೋಣೆಯಲ್ಲಿಟ್ಟು ನೋಡಿ ಬಂದ. ಮೆಟ್ಟಿಲ ಮೇಲೇ ಕೂತುಬಿಟ್ಟ.

"ಅಕ್ಕ, ಹಿಟ್ಟು ಉಬ್ಬಿಸೋ ಪೆಟ್ಟಿಗೆಗಿಂತ ಜಾಸ್ತಿ ಇದೆ."

ಅಮ್ಮ ಆ ಗಾಜನ್ನು ಕಣ್ಣ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. "ನೀವಿಬ್ರೂ ಅಲ್ಲೇ ಬೆಳೆದ್ರಲ್ಲೇ" ಎಂದಳು. ಅವಳ ದನಿ ಕೇಳಿ ನನಗೆ ಬೈಯಲು ಬಾಯಿ ಬರಲಿಲ್ಲ. ನಾವು ಹುಟ್ಟಿದ್ದು ಚಳಿಯಲ್ಲಿ, ಆಗ ಭಟ್ಟಿಯೂ ಚಿಕ್ಕದಿತ್ತು, ನಿನ್ನ ತಪ್ಪಲ್ಲ ಎಂದು ಏನೇನೋ ಹೇಳಿದೆ. ಅಷ್ಟೂ ನಿಜವೋ ಅಲ್ಲವೋ ತಿಳಿಯದು.

ನನ್ನ ಮಂಚವನ್ನು ಹಿಟ್ಟಿನ ಮೂಟೆಗಳ ನಡುವೆ ಹಾಕಿಸಿದ್ದೇನೆ. ಹಿತ್ತಿಲ ಕೋಣೆ ಅವರಿಗೆ. ಮೂಟೆಗಳ ಹತ್ತಿರ ಇಲಿ ಇದೆ, ನನ್ನ ಹಾಸಿಗೆಯಲ್ಲೂ ಮೈದಾ ಇದೆ, ಸೀನು ನಿಲ್ಲುತ್ತಿಲ್ಲ. ಈ ಸಲ ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟದ್ದು, ಆದ್ದರಿಂದ ದೂರು ಹೇಳಲೂ ಜನ ಇಲ್ಲ.

ಏಪ್ರಿಲ್ ೧೬, ಬುಧವಾರ

ಈ ಕಾಲದ ತಾಯಂದಿರಿಗೆ ಭಯ ಎಂಬುದೇ ಇಲ್ಲ! ಬೆಳಿಗ್ಗೆ ದೊರೆ ಎರಡು ಸಲ ಸೀನಿದ. ಒಂದಲ್ಲ, ಎರಡು. ಟೀಚರಮ್ಮ ತಲೆಯೆತ್ತಿ ನೋಡಿ ಮತ್ತೆ ಬಟ್ಟೆ ಮಡಿಸತೊಡಗಿದಳು. "ಡಾಕ್ಟರ್‌ಗೆ ತೋರಿಸೋಣ" ಎಂದೆ. "ಮಕ್ಕಳು ಸೀನ್ತಾರೆ ಅಕ್ಕ. ಹಾಲು ಕುಡೀತಿದಾನೆ, ಉಚ್ಚೆ ಹೊಯ್ತಿದಾನೆ, ಜ್ವರ ಇಲ್ಲ. ನಿಮ್ಮ ಮೈದಾ ಇರಬೇಕು" ಎಂದಳು. ನೆತ್ತಿಯ ಮೇಲೆ ಹೊಟ್ಟಿನ ಹಾಗೆ ಹಳದಿ ಪದರ ಕಟ್ಟಿದೆ, ಅದಾದರೂ ತೋರಿಸು ಅಂದೆ. ಎಣ್ಣೆ ಹಚ್ಚಿದರೆ ಹೋಗುತ್ತದಂತೆ. ಕೊನೆಗೆ ನಾನೇ ಅಂಗಡಿ ತಮ್ಮನಿಗೆ ಬಿಟ್ಟು ಒಬ್ಬಳೇ ಹೋಗಿ ಸಾಲಿನಲ್ಲಿ ಕೂತೆ. ಮಗುವೆಲ್ಲಿ ಎಂದು ನರ್ಸು ಕೇಳಿದಳು. ತಾಯಿ ಕೊಡಲಿಲ್ಲ, ಬಾಯಲ್ಲೇ ಹೇಳುತ್ತೇನೆ ಎಂದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡು "ನಾರ್ಮಲ್" ಎಂದರು. ಎಷ್ಟು ಚಂದದ ಶಬ್ದ ಅದು. ಇನ್ನೊಂದು ಸಲ ಹೇಳಿಸಿಕೊಂಡು ಬಂದೆ.

ಸಂಜೆಯ ಅಳು ಮತ್ತೆ ಶುರುವಾಗಿದೆ. ಗಿರಾಕಿಯೊಬ್ಬಳು ಮುಖ ಹಿಂಡಿ, "ಏನಮ್ಮ ಇದು ಗಲಾಟೆ" ಎಂದಳು. ಬೇರೆ ಬೇಕರಿ ಬೇಕಾದಷ್ಟಿವೆ ಎಂದೆ.

ಟೀಚರಮ್ಮ ಇನ್ನೂ ನನ್ನ ಕೈಗೆ ಮಗು ಕೊಡುವುದಿಲ್ಲ. ಕೇಳಿದರೆ, "ಪರವಾಗಿಲ್ಲ ಅಕ್ಕ, ನಾನೇ ನೋಡ್ಕೋತೀನಿ" ಎನ್ನುತ್ತಾಳೆ. ತಮ್ಮನಿಗೆ ಕೊಡುತ್ತಾಳೆ, ಅಮ್ಮನಿಗೂ ತನ್ನೆದುರು ಕೂರಿಸಿಕೊಂಡು ಕೊಡುತ್ತಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮರ್ಯಾದೆ ನನಗೆ ತಡೆಯಲಾಗುವುದಿಲ್ಲ.

ಏಪ್ರಿಲ್ ೨೪, ಗುರುವಾರ

ಇವತ್ತು ಮಧ್ಯಾಹ್ನ ಒಣಗಿದ ಬಟ್ಟೆ ಕೊಡಲು ಹೋದೆ. ಟೀಚರಮ್ಮ ಮಂಚದ ಅಂಚಿನಲ್ಲಿ ಕೂತು ತೂಕಡಿಸುತ್ತಿದ್ದಳು. ಮಗು ತೊಡೆಯ ಮೇಲೆ. ತೂಕಡಿಸಿ ಮುಂದಕ್ಕೆ ಬಾಗುತ್ತಾಳೆ, ಬೆಚ್ಚಿ ಎದ್ದು ಅವನ ಮೂಗಿನ ಹತ್ತಿರ ಬೆರಳಿಡುತ್ತಾಳೆ, ಮತ್ತೆ ತೂಕಡಿಕೆ. ಎಷ್ಟು ದಿನದಿಂದ ಹೀಗಿದ್ದಾಳೋ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅವತ್ತು ಮಲಗಲಿ ಬಿಡು ಅಂದೋಳು ನಾನು. ಈ ಕೋಣೆ ಕೊಡಲ್ಲ ಅಂದೋಳೂ ನಾನೇ. ಒಂದ್ಸಲ ಬಾಯ್ತುಂಬ ಬೈದುಬಿಡು ನೋಡೋಣ. ಹೀಗೆ ನಿದ್ದೆಗೆಟ್ಟು ಸಾಯ್ಬೇಡ."

ಟೀಚರಮ್ಮ ನನ್ನನ್ನು ನೋಡಿದಳು. ಕಣ್ಣ ಕೆಳಗೆ ಮಸಿ ಬಳಿದ ಹಾಗಿತ್ತು.

"ನಿಮ್ಮನ್ನ ಏನಂತ ಬೈಲಿ ಅಕ್ಕ? ನಿಮ್ಮ ಕೈಗಾದ್ರೂ ತಿಳೀಲಿಲ್ಲ. ನನ್ನ ಕೈಗೆ ಬಿಸಿ ತಿಳಿದಿತ್ತು. ತಿಳಿದೂ ಥರ್ಮಾಮೀಟರ್ ಡಬ್ಬೀಲಿಟ್ಟೆನಲ್ಲ, ಯಾರೋ ನಗ್ತಾರೆ ಅಂತ. ಕಣ್ಣು ಮುಚ್ಚಿದ್ರೆ ಆ ಡಬ್ಬಿ ಮುಚ್ಚಿದ ಶಬ್ದಾನೇ ಕೇಳುತ್ತೆ."

ಇವಳು ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಅಯ್ಯೋ ಪೆದ್ದೇ, ಎಂದುಕೊಂಡೆ. ಅವಳನ್ನೋ ನನ್ನನ್ನೋ ಗೊತ್ತಿಲ್ಲ.

"ಆ ಡಬ್ಬಿ ಮುಚ್ಚಿಸಿದ್ದು ನನ್ನ ಬಾಯಿ. ನಿನ್ನ ಕೈ ಅಲ್ಲ. ಇನ್ಮೇಲೆ ನಾನು ಬೇಡ ಅಂದ್ರೂ ನೋಡು. ನನ್ನ ತಳ್ಳಿ ನೋಡು. ಎತ್ತಿಕೊಂಡು ಓಡಿದ್ದಕ್ಕೇ ಅಲ್ವಾ ಇವನು ಇವತ್ತು ಇಲ್ಲಿರೋದು?"

ಅವಳು ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಇಂಥದರಲ್ಲಿ ಏನು ಮಾಡಬೇಕೆಂದು ತಿಳಿಯದೆ ಒಣಗಿದ ಚೌಕವೊಂದನ್ನು ಕೊಟ್ಟೆ, ಮೂಗೊರೆಸಿಕೊಂಡಳು. ಆಮೇಲೆ ಎದ್ದು, ಮಗುವನ್ನು ಎತ್ತಿ, ನನ್ನ ತೋಳಿಗೆ ಹಾಕಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಎರಡು ಉಸಿರಿಗೆ ನಿದ್ದೆ.

ಆಗಿನಿಂದ ಹೀಗೇ ಕೂತಿದ್ದೇನೆ. ಎಡತೋಳಿನಲ್ಲಿ ಇವನು, ಬಲಗೈಯಲ್ಲಿ ಪೆನ್ನು. ಕಿಟಕಿ ಪೂರ್ತಿ ತೆರೆದಿದೆ. ಇವನೂ ಮಲಗಿದ್ದಾನೆ, ಆದರೆ ನಾನು ಇವನ ನಿದ್ದೆಯನ್ನು ನಂಬುವುದಿಲ್ಲ. ಆಗಾಗ ಅಂಗಾಲು ಕೆರೆಯುತ್ತೇನೆ, ಹುಬ್ಬು ಗಂಟಿಕ್ಕಿ ಕಾಲೆಳೆದುಕೊಳ್ಳುತ್ತಾನೆ. ಬೆವರಿಲ್ಲ. ಕೆನ್ನೆಗೆ ಕೆನ್ನೆ ಇಟ್ಟು ನೋಡಿದೆ, ತಂಪಾಗಿದ್ದಾನೆ. ಹಾಲಿನ ವಾಸನೆ. ತೋಳು ಜೋಮು ಹಿಡಿದು ನನ್ನದಲ್ಲ ಅನ್ನುವ ಹಾಗಾಗಿದೆ, ಬೆನ್ನು ಬಿದ್ದುಹೋಗುತ್ತಿದೆ, ನೊಣವೊಂದು ಮೂಗಿನ ಮೇಲೇ ಕೂರುತ್ತದೆ, ಓಡಿಸಲು ಕೈಯಿಲ್ಲ.

ಅಂಗಡಿಯಿಂದ ತಮ್ಮ ಕೂಗುತ್ತಿದ್ದಾನೆ: "ಅಕ್ಕಾ! ಹಿಟ್ಟು ಉಕ್ಕಿ ಹೊರಗೆ ಬರ್ತಿದೆ, ಎಲ್ಲಿದೀಯಾ?" ಕತ್ತೆ, ಸ್ವಲ್ಪವಾದರೂ ಬುದ್ಧಿ ಬೇಡವೇ. ತಿರುಗಿ ಕೂಗಿ ಬೈಯುವ ಹಾಗೂ ಇಲ್ಲ, ಟೀಚರಮ್ಮ ಮಲಗಿದ್ದಾಳೆ.